ಮೀನು ಬಿಡುವ ಮುನ್ನ: ತರಗತಿಯ ಅಕ್ವೇರಿಯಂ ಹದಗೊಳ್ಳುವ ಆರು ವಾರಗಳು

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಯು.ಪಿ. ವಿಭಾಗದ ಅಧ್ಯಾಪಕರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತರಗತಿಯ ಒಂದು ಮೂಲೆಯಲ್ಲಿ ಅಕ್ವೇರಿಯಂ ಇರಬೇಕೆಂಬ ಅಪೇಕ್ಷೆ ನಮ್ಮಲ್ಲಿ ಅನೇಕರಿಗೆ ಇದೆ. ಪಿ.ಟಿ.ಎ.ಯವರೋ ಹಳೆಯ ವಿದ್ಯಾರ್ಥಿಗಳೋ ಗಾಜಿನ ತೊಟ್ಟಿಯೊಂದನ್ನು ಕೊಡುಗೆಯಾಗಿ ಕೊಡುತ್ತಾರೆ. ಬೆಳಿಗ್ಗೆ ತೊಟ್ಟಿ ಬರುತ್ತದೆ, ಮಧ್ಯಾಹ್ನ ನೀರು ತುಂಬುತ್ತದೆ, ಸಂಜೆಯೊಳಗೆ ಹತ್ತು ಹನ್ನೆರಡು ಬಣ್ಣದ ಮೀನುಗಳು ಅದರಲ್ಲಿ ಈಜಾಡುತ್ತವೆ. ಮೂರು ನಾಲ್ಕು ದಿನಗಳಲ್ಲಿ ಅವು ಮೇಲ್ಮೈಗೆ ಬಂದು ಬಾಯಿ ಬಿಡಲು ತೊಡಗುತ್ತವೆ. ಎರಡು ವಾರ ತುಂಬುವಷ್ಟರಲ್ಲಿ ತೊಟ್ಟಿ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಶಾಲಾ ಸಂದರ್ಶನಗಳ ಸಂದರ್ಭದಲ್ಲಿ ಹೀಗೆ ಬರಿದಾಗಿ, ಕೊನೆಗೆ ಚಾರ್ಟು ಸುರುಳಿಗಳನ್ನು ಇಡುವ ಪೆಟ್ಟಿಗೆಯಾಗಿ ಮಾರ್ಪಟ್ಟ ತೊಟ್ಟಿಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಮೀನು ಸತ್ತ ಮೇಲೆ ತರಗತಿಯಲ್ಲಿ ವಿಚಾರಣೆ ಆರಂಭವಾಗುತ್ತದೆ. ಯಾರು ಹೆಚ್ಚು ಆಹಾರ ಹಾಕಿದರು, ಯಾರು ಗಾಜು ಬಡಿದರು, ಯಾರು ನೀರಿಗೆ ಕೈ ಹಾಕಿದರು ಎಂದು ಕೇಳುತ್ತಾ ಹೋಗುತ್ತೇವೆ. ಕೊನೆಗೆ ಒಂದು ಮಗುವಿನ ಹೆಸರು ಹೊರಬರುತ್ತದೆ. ಆ ಮಗು ಅಪರಾಧಿ ಭಾವದಿಂದ ತಲೆತಗ್ಗಿಸುತ್ತದೆ. ಇಂದಿನ ನನ್ನ ಮಾತಿನ ಮುಖ್ಯ ಉದ್ದೇಶ ಆ ಮಗುವಿನ ಪರವಾಗಿ ನಿಲ್ಲುವುದು. ಹೊಸ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿ ಸಂಭವಿಸುವ ಸಾವುಗಳಿಗೆ ಬಹುಮಟ್ಟಿಗೆ ಕಾರಣ ಒಂದೇ: ತೊಟ್ಟಿ ಹದಗೊಳ್ಳುವ ಮೊದಲೇ ಮೀನು ಬಿಟ್ಟದ್ದು. ನೀರು ತಿಳಿಯಾಗಿದೆ ಎಂಬುದು ಒಂದು ಮಾತು, ನೀರು ಹದವಾಗಿದೆ ಎಂಬುದು ಬೇರೆಯೇ ಮಾತು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದನ್ನು ಅಳೆದೇ ತಿಳಿಯಬೇಕು.

ತೊಟ್ಟಿಯೊಳಗೆ ನಡೆಯುವುದೇನು?

ಮೀನು ತಿಂದ ಆಹಾರದಲ್ಲಿರುವ ಪ್ರೋಟೀನು ಜೀರ್ಣವಾದ ಮೇಲೆ ಉಳಿಯುವ ಸಾರಜನಕದ ಬಹುಪಾಲು ಅಮೋನಿಯದ ರೂಪದಲ್ಲಿ ಕಿವಿರುಗಳ ಮೂಲಕವೇ ಹೊರಬರುತ್ತದೆ. ತಿನ್ನದೆ ಉಳಿದ ಆಹಾರವೂ ಮೀನಿನ ಮಲವೂ ಕೊಳೆತು ಅದಕ್ಕೆ ಇನ್ನಷ್ಟು ಅಮೋನಿಯವನ್ನು ಕೂಡಿಸುತ್ತವೆ. ಅಮೋನಿಯಕ್ಕೆ ಬಣ್ಣವಿಲ್ಲ, ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಅದು ಕಿವಿರನ್ನು ಸುಡುತ್ತಿರಬಹುದು.

ಚಂದ್ರಗಿರಿ, ಶಿರಿಯ, ಮೊಗ್ರಾಲ್ ಹೊಳೆಗಳಲ್ಲಿ ಮೀನುಗಳು ಬದುಕುವುದು ಹೇಗೆ? ಅಲ್ಲಿ ನೀರಿನ ರಾಶಿ ದೊಡ್ಡದು, ಅದು ಹರಿಯುತ್ತಲೂ ಇರುತ್ತದೆ. ಜೊತೆಗೆ ಕಾಲಿಟ್ಟರೆ ಜಾರುವ ಅಲ್ಲಿನ ಕಲ್ಲುಗಳ ಮೇಲಿನ ಲೋಳೆಯಲ್ಲಿ ಪಾಚಿಯೊಂದಿಗೆ ಅಸಂಖ್ಯ ಬ್ಯಾಕ್ಟೀರಿಯಗಳು ನೆಲೆಸಿವೆ. ಅವುಗಳಲ್ಲಿ ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ: ಅದು ರಕ್ತದ ಹಿಮೋಗ್ಲೋಬಿನ್‌ನ ಸ್ವರೂಪವನ್ನು ಕೆಡಿಸಿ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ, ನೀರಿನಲ್ಲಿ ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟುತ್ತದೆ. ಮೂರನೆಯದಾದ ನೈಟ್ರೇಟ್ ಮಾತ್ರ ಸಾಕಷ್ಟು ಸೌಮ್ಯವಾದುದು. ಅದನ್ನು ಜಲಸಸ್ಯಗಳು ಹೀರುತ್ತವೆ, ಉಳಿದುದನ್ನು ನಾವು ನೀರು ಬದಲಿಸಿ ತೆಗೆಯಬಹುದು.

ನೈಟ್ರೀಕರಣವೆಂದು ಪಾಠಪುಸ್ತಕದಲ್ಲಿ ನಾವು ಕಲಿಸುವುದು ಇದನ್ನೇ. ಇದು ಎರಡು ಹಂತಗಳ ಕೆಲಸವೆಂದು 1890ರ ಸುಮಾರಿಗೆ ತೋರಿಸಿಕೊಟ್ಟವರು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಎರಡನೆಯ ಹಂತವನ್ನು ನೈಟ್ರೋಬ್ಯಾಕ್ಟರ್ ನಡೆಸುತ್ತದೆಯೆಂದು ಬಹುಕಾಲ ಬರೆಯಲಾಗುತ್ತಿತ್ತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸದ ಮುಖ್ಯ ಪಾಲು ನೈಟ್ರೋಸ್ಪೈರ ಎಂಬ ಬೇರೆ ಗುಂಪಿನದೆಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಒಂದೇ ಜೀವಿ ಎರಡೂ ಹಂತಗಳನ್ನು ಪೂರೈಸಬಲ್ಲದು ಎಂಬುದು 2015ರಲ್ಲಿ ಬೆಳಕಿಗೆ ಬಂತು. ವಿಜ್ಞಾನದ ಹೇಳಿಕೆಗಳು ಪರಿಷ್ಕಾರಗೊಳ್ಳುತ್ತಾ ಹೋಗುತ್ತವೆ ಎಂಬುದಕ್ಕೆ ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಉದಾಹರಣೆಯಿದು.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ಇಲ್ಲವೆನ್ನುವಷ್ಟು ಕಡಿಮೆ. ಅವು ಬೆಳೆಯುವ ವೇಗವೂ ನಿಧಾನ. ಅನುಕೂಲ ಪರಿಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಗಳ ಬಗ್ಗೆ ನಾವು ಕೇಳಿದ್ದೇವೆ. ನೈಟ್ರೀಕರಣದ ಬ್ಯಾಕ್ಟೀರಿಯಗಳು ಇಮ್ಮಡಿಯಾಗಲು ಹೆಚ್ಚುಕಡಿಮೆ ಒಂದು ಇಡೀ ದಿನವೇ ಬೇಕು. ಆದುದರಿಂದ ಸಾಕಷ್ಟು ಸಂಖ್ಯೆಗೆ ಅವು ಬೆಳೆಯಲು ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ಅಷ್ಟು ಕಾಲ ಮೀನಿಲ್ಲದೆ, ಅಮೋನಿಯವನ್ನು ಮಾತ್ರ ಒದಗಿಸಿ ಅವುಗಳನ್ನು ಬೆಳೆಸುವುದನ್ನೇ ತೊಟ್ಟಿಯನ್ನು ಹದಗೊಳಿಸುವುದು ಎಂದು ನಾನು ಕರೆಯುತ್ತೇನೆ.

ಸಿದ್ಧತೆ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ ತರಗತಿಗೆ ಸಾಕು. ಅದರ ಘನಫಲ 54 ಲೀಟರ್. ತಳದ ಮರಳಿಗೂ ಮೇಲಿನ ಖಾಲಿ ಜಾಗಕ್ಕೂ ಕಳೆದರೆ ನೀರು ಸುಮಾರು 45 ಲೀಟರ್. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬೇಕು. 45 ಲೀಟರ್ ಎಂದರೆ 45 ಕಿಲೋ ಭಾರ. ಗಾಜಿನದೂ ಮರಳಿನದೂ ಬೇರೆ. ಅಲುಗಾಡುವ ಬೆಂಚಿನ ಮೇಲೆ ಇದನ್ನು ಇಡಬಾರದು. ಕಿಟಕಿಯ ನೇರ ಬಿಸಿಲು ಬೀಳುವಲ್ಲಿಯೂ ಬೇಡ.

ಗಾಳಿ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರು ನಮಗೆ ಯೋಗ್ಯ. ಅದರ ಬೆಲೆ ಕಡಿಮೆ, ಸ್ಪಂಜಿನ ಸಾವಿರಾರು ರಂಧ್ರಗಳು ಬ್ಯಾಕ್ಟೀರಿಯಗಳಿಗೆ ಮನೆಯಾಗುತ್ತವೆ. ಇವು ನೀರಿನಲ್ಲಿ ತೇಲಾಡಿಕೊಂಡಿರುವುದಕ್ಕಿಂತ ಸ್ಪಂಜು, ಮರಳು, ಗಾಜಿನ ಮೈಗಳಿಗೆ ಅಂಟಿಕೊಂಡೇ ಹೆಚ್ಚಾಗಿ ಬದುಕುತ್ತವೆ ಎಂಬುದನ್ನು ಮರೆಯಬಾರದು. ಅವುಗಳಿಗೆ ಆಮ್ಲಜನಕ ಹಗಲೂ ರಾತ್ರಿಯೂ ಬೇಕು. ಸಂಜೆ ಶಾಲೆ ಮುಚ್ಚುವಾಗ ಮೇನ್ ಸ್ವಿಚ್ ಆರಿಸುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ತೊಟ್ಟಿಯ ಪಂಪಿಗೆ ಪ್ರತ್ಯೇಕ ಸಂಪರ್ಕ ಸಾಧ್ಯವೇ ಎಂಬುದನ್ನು ಮುಖ್ಯೋಪಾಧ್ಯಾಯರೊಂದಿಗೆ ಮೊದಲೇ ಮಾತಾಡಿ ಇತ್ಯರ್ಥಪಡಿಸಿಕೊಳ್ಳುವುದು ಅಗತ್ಯ. ಅದು ಆಗದೆಂದಾದರೆ ಅಕ್ವೇರಿಯಂ ಇಡುವ ವಿಚಾರವನ್ನೇ ಮುಂದೂಡುವುದು ಉತ್ತಮ. ಪ್ಲಗ್ಗು ನೀರಿನ ಮಟ್ಟಕ್ಕಿಂತ ಮೇಲಿರಬೇಕು. ವಯರು ಕೆಳಗಿಳಿದು ಮತ್ತೆ ಮೇಲೇರುವಂತೆ ಇದ್ದರೆ ವಯರಿನಗುಂಟ ಹರಿದ ನೀರು ಪ್ಲಗ್ಗಿಗೆ ತಲುಪದೆ ಕೆಳಗೆ ತೊಟ್ಟಿಕ್ಕುತ್ತದೆ.

ಅಮೋನಿಯ ಒದಗಿಸುವ ಎರಡು ವಿಧಾನಗಳು

ಮೊದಲನೆಯದು ಸರಳವಾದುದು. ನಾಲ್ಕೈದು ಸಣ್ಣ ಮೀನುಗಳಿವೆಯೆಂದು ಭಾವಿಸಿ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ತೊಟ್ಟಿಗೆ ಹಾಕುವುದು. ಅದು ಕೊಳೆತು ಅಮೋನಿಯವಾಗುತ್ತದೆ. ಎಲ್.ಪಿ. ಮಕ್ಕಳಿರುವ ತರಗತಿಗೆ ಇದೇ ಸೂಕ್ತ. ಆದರೆ ಅಳತೆ ನಿಖರವಾಗಿರುವುದಿಲ್ಲ, ಕಾಲವೂ ಹೆಚ್ಚು ಹಿಡಿಯುತ್ತದೆ.

ಎರಡನೆಯದು ಯು.ಪಿ. ಮತ್ತು ಹೈಸ್ಕೂಲು ತರಗತಿಗಳಿಗೆ ಹೊಂದುವಂಥದು. ಪ್ರಯೋಗಶಾಲೆಯ ಶುದ್ಧ ಅಮೋನಿಯಂ ಕ್ಲೋರೈಡನ್ನು, ಅಂದರೆ ನವಸಾಗರವನ್ನು, 6 ಗ್ರಾಂ ತೂಗಿ ಒಂದು ಲೀಟರ್ ನೀರಿನಲ್ಲಿ ಕರಗಿಸಿ ಹೆಸರು ಬರೆದ ಶೀಸೆಯಲ್ಲಿ ಇಟ್ಟುಕೊಳ್ಳಬೇಕು. ತೊಟ್ಟಿಯ ಪ್ರತಿ ಲೀಟರ್ ನೀರಿಗೆ ಈ ದ್ರಾವಣದ 1 ಮಿ.ಲೀ. ಹಾಕಿದರೆ ಅಮೋನಿಯದ ಪ್ರಮಾಣ ಸುಮಾರು 2 ಪಿ.ಪಿ.ಎಂ., ಅಂದರೆ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ನಮ್ಮ 45 ಲೀಟರ್ ತೊಟ್ಟಿಗೆ 45 ಮಿ.ಲೀ. ಸಾಕು. ಈ ಕೆಲಸವನ್ನು ಅಧ್ಯಾಪಕರೇ ಮಾಡತಕ್ಕದ್ದು. ಪ್ರಮಾಣ ಹೆಚ್ಚಿಸಿದರೆ ಕೆಲಸ ಬೇಗ ಮುಗಿಯುತ್ತದೆಂದು ಭಾವಿಸಬಾರದು. ಅಮೋನಿಯ ಮಿತಿಮೀರಿದರೆ ಬ್ಯಾಕ್ಟೀರಿಯಗಳ ಬೆಳವಣಿಗೆಯೇ ಕುಂಠಿತವಾಗುತ್ತದೆ.

ಆರೋಗ್ಯಕರವಾದ ಹಳೆಯ ತೊಟ್ಟಿಯೊಂದು ಪರಿಚಿತರಲ್ಲಿದ್ದರೆ ಅದರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ತಂದು ನಮ್ಮ ಫಿಲ್ಟರಿನ ಬಳಿ ಇಡಬಹುದು. ಹಾಲಿಗೆ ಹೆಪ್ಪು ಹಾಕಿದಂತೆ ಇದು. ಆರು ವಾರಗಳ ಕೆಲಸ ಎರಡು ಮೂರು ವಾರಗಳಲ್ಲಿ ಮುಗಿಯಲೂಬಹುದು. ಆದರೆ ಹೆಪ್ಪು ಒಳ್ಳೆಯ ಮನೆಯದಾಗಿರಬೇಕು. ರೋಗಪೀಡಿತ ಮೀನುಗಳಿದ್ದ ತೊಟ್ಟಿಯ ಸ್ಪಂಜಿನೊಂದಿಗೆ ರೋಗವೂ ಬರುತ್ತದೆ.

ದಾಖಲೆ ಪುಸ್ತಕ ಮತ್ತು ಮೂರು ಗೆರೆಗಳು

ಅಮೋನಿಯ, ನೈಟ್ರೈಟ್, ನೈಟ್ರೇಟ್ ಮತ್ತು ಪಿ.ಎಚ್. ಅಳೆಯುವ ಹನಿ ಪರೀಕ್ಷಾ ಕಿಟ್ಟುಗಳು ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುತ್ತವೆ. ಒಂದು ಶಾಲೆಗೆ ದುಬಾರಿಯೆನಿಸಿದರೆ ಎರಡು ಮೂರು ಶಾಲೆಗಳು ಸೇರಿ ಕೊಳ್ಳಬಹುದು. ಕಿಟ್ಟಿನ ರಾಸಾಯನಿಕಗಳಲ್ಲಿ ಕೆಲವು ಅಪಾಯಕಾರಿ. ಹನಿ ಹಾಕುವುದು ಅಧ್ಯಾಪಕರ ಕೆಲಸ. ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿ ಸಂಖ್ಯೆ ಹೇಳುವುದು ಮಕ್ಕಳ ಕೆಲಸ. ಪರೀಕ್ಷಿಸಿದ ನೀರನ್ನು ತೊಟ್ಟಿಗೆ ಮರಳಿ ಸುರಿಯಬಾರದು.

ಮೊದಲ ದಿನ ಅಮೋನಿಯ ಹಾಕುವ ಮುನ್ನವೇ ನಾಲ್ಕನ್ನೂ ಅಳೆದು ಬರೆದಿಡಬೇಕು. ಬಾವಿಯ ನೀರಿನಲ್ಲಿ ಮೊದಲೇ ನೈಟ್ರೇಟ್ ಇದ್ದರೆ ಅದು ಆಗಲೇ ಗೊತ್ತಾಗಿಬಿಡುತ್ತದೆ. ಅನಂತರ ದಿನ ಬಿಟ್ಟು ದಿನ ಅಳೆದರೆ ಸಾಕು. ಇಬ್ಬಿಬ್ಬರು ಮಕ್ಕಳಂತೆ ಸರದಿ ಗೊತ್ತುಮಾಡಿ, ಗೋಡೆಯ ಗ್ರಾಫಿನಲ್ಲಿ ಮೂರು ಬಣ್ಣಗಳಲ್ಲಿ ಗುರುತು ಹಾಕಿಸಬೇಕು.

ಮೊದಲ ವಾರ ಹೆಚ್ಚೇನೂ ನಡೆಯುವುದಿಲ್ಲ. ಅಮೋನಿಯದ ಗೆರೆ ನೆಟ್ಟಗೆ ಹೋಗುತ್ತದೆ. ನೀರು ಹಾಲು ಬೆರೆಸಿದಂತೆ ಮಸುಕಾಗಬಹುದು. ಅದು ಬೇರೆ ಜಾತಿಯ ಬ್ಯಾಕ್ಟೀರಿಯಗಳ ತಾತ್ಕಾಲಿಕ ಹೆಚ್ಚಳ, ತಾನಾಗಿಯೇ ತಿಳಿಯಾಗುತ್ತದೆ. ಈ ಹಂತದಲ್ಲಿ ತೊಟ್ಟಿಯನ್ನು ಬರಿದುಮಾಡಿ ತೊಳೆಯಲು ಉತ್ಸಾಹಿಗಳು ಮುಂದಾಗುತ್ತಾರೆ, ಅವರನ್ನು ತಡೆಯಬೇಕು. ಎರಡನೆಯ ವಾರದ ಹೊತ್ತಿಗೆ ಅಮೋನಿಯ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಅಮೋನಿಯ ಇಳಿದು ಸೊನ್ನೆಗೆ ಹತ್ತಿರವಾದಾಗಲೆಲ್ಲ ಮತ್ತೆ 45 ಮಿ.ಲೀ. ದ್ರಾವಣ ಹಾಕಬೇಕು. ನೈಟ್ರೈಟ್ ಏರಿ ಅಲ್ಲಿಯೇ ನಿಲ್ಲುವ ಕಾಲವೇ ಅತ್ಯಂತ ದೀರ್ಘವಾದುದು. ಮಕ್ಕಳ ಆಸಕ್ತಿ ಕುಗ್ಗುವುದೂ ಆಗಲೇ. ‘ಅಮೋನಿಯ ಸೊನ್ನೆಯಾಯಿತಲ್ಲ, ಇನ್ನು ಮೀನು ಬಿಡೋಣ’ ಎಂದು ಅವರು ಒತ್ತಾಯಿಸುತ್ತಾರೆ. ಆಗ ‘ನೈಟ್ರೈಟಿನ ಗೆರೆ ಎಲ್ಲಿದೆ, ನೋಡಿ ಹೇಳಿ’ ಎಂದಷ್ಟೇ ಕೇಳಬೇಕು. ಉತ್ತರ ಗೋಡೆಯ ಮೇಲಿದೆ. ಅಧ್ಯಾಪಕರ ಆಜ್ಞೆಯಿಂದ ಕಾಯುವುದಕ್ಕೂ ತಾವೇ ಅಳೆದ ಸಂಖ್ಯೆಯನ್ನು ಓದಿ ಕಾಯುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಇಲ್ಲಿ ಅನುಭವದಿಂದ ಅರಿಯುತ್ತಾರೆ.

ಕೊನೆಗೊಂದು ದಿನ ನೈಟ್ರೈಟ್ ಕುಸಿಯುತ್ತದೆ, ನೈಟ್ರೇಟ್ ಮಾತ್ರ ಏರುತ್ತಿರುತ್ತದೆ. 45 ಮಿ.ಲೀ. ದ್ರಾವಣ ಹಾಕಿದ 24 ಗಂಟೆಗಳ ಬಳಿಕ ಅಮೋನಿಯವೂ ನೈಟ್ರೈಟೂ ಎರಡೂ ಸೊನ್ನೆಯೆಂದು ತೋರಿದರೆ ತೊಟ್ಟಿ ಹದವಾಗಿದೆ. ಇದೊಂದೇ ಪ್ರಮಾಣ. ಕ್ಯಾಲೆಂಡರಿನಲ್ಲಿ ಆರು ವಾರ ಕಳೆದಿದೆ ಎಂಬುದು ಪ್ರಮಾಣವಲ್ಲ.

ನಮ್ಮ ನೀರು, ನಮ್ಮ ಮಳೆಗಾಲ

ಪುಸ್ತಕಗಳಲ್ಲಿರುವ ಸೂಚನೆಗಳನ್ನು ನಮ್ಮ ಊರಿನ ನೀರಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಮುರಕಲ್ಲಿನ ನೆಲದಲ್ಲಿ ಅಗೆದ ನಮ್ಮ ಬಾವಿಗಳ ಮತ್ತು ಸುರಂಗಗಳ ನೀರು ಸಾಮಾನ್ಯವಾಗಿ ಮೆದು. ಅನೇಕ ಕಡೆ ತುಸು ಆಮ್ಲೀಯವೂ ಹೌದು. ನೈಟ್ರೀಕರಣದ ಕ್ರಿಯೆಯೇ ಆಮ್ಲವನ್ನು ಉಂಟುಮಾಡುವುದರಿಂದ ಇಂಥ ನೀರಿನ ಪಿ.ಎಚ್. ವಾರದಿಂದ ವಾರಕ್ಕೆ ಇನ್ನಷ್ಟು ಇಳಿಯುತ್ತದೆ. ಪಿ.ಎಚ್. 6.5ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಗಳ ಕೆಲಸ ಮಂದವಾಗುತ್ತದೆ, 6ರ ಸಮೀಪ ಬಹುಮಟ್ಟಿಗೆ ನಿಂತೇಹೋಗುತ್ತದೆ. ಎಂಟು ವಾರ ಕಳೆದರೂ ಗೆರೆಗಳು ಕದಲದಿದ್ದರೆ ಮೊದಲು ಪಿ.ಎಚ್. ನೋಡಬೇಕು.

ಇದಕ್ಕೆ ಪರಿಹಾರ ನಮ್ಮ ಕಡಲತೀರದಲ್ಲಿಯೇ ಇದೆ. ಮಕ್ಕಳು ಆಯ್ದು ತಂದ ಖಾಲಿ ಚಿಪ್ಪುಗಳನ್ನು ತೊಳೆದು, ಕುದಿಸಿ, ಒಣಗಿಸಿ, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ಅವು ಮೆಲ್ಲನೆ ಕರಗುತ್ತಾ ಪಿ.ಎಚ್. ಅನ್ನು 7ರಿಂದ 7.5ರ ಸುಮಾರಿನಲ್ಲಿ ನಿಲ್ಲಿಸಲು ನೆರವಾಗುತ್ತವೆ. ಚಿಪ್ಪಿನ ಬದಲು ಸುಣ್ಣವನ್ನು ನೇರವಾಗಿ ಹಾಕುವುದು ಅಪಾಯಕರ. ಪಿ.ಎಚ್. ಒಮ್ಮೆಲೇ ಜಿಗಿದರೆ ಬರಿಯ ಅದೇ ಜೀವಿಗಳಿಗೆ ಆಘಾತ. ಮೇಲಾಗಿ ಅಮೋನಿಯದ ವಿಷಗುಣವೂ ಬೆಳೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಭಾಗ ಮಾತ್ರ ಉಗ್ರ ವಿಷದ ರೂಪದಲ್ಲಿರುತ್ತದೆ, ಪಿ.ಎಚ್. 8 ಆದರೆ ಅದು ಶೇಕಡಾ ಐದನ್ನು ದಾಟುತ್ತದೆ. ಆದ್ದರಿಂದ ಚಿಪ್ಪಿನ ಚೀಲವನ್ನು ಮೀನು ಬರುವ ಮೊದಲೇ ಇಟ್ಟಿರಬೇಕು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳಲ್ಲಿ ಆ ನೀರನ್ನು ನೇರವಾಗಿ ತೊಟ್ಟಿಗೆ ಸುರಿದರೆ ವಾರಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಗಳು ಸಾಯುತ್ತವೆ. ಅಗಲ ಬಾಯಿಯ ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟು, ಸಾಧ್ಯವಾದರೆ ಗಾಳಿ ಹಾಯಿಸಿ, ವಾಸನೆ ಹೋದ ಮೇಲೆ ಬಳಸಬೇಕು. ನಳ್ಳಿಯ ನೀರಿಗೂ ಇದೇ ನಿಯಮ.

ಇನ್ನೊಂದು ವಿಷಯ. ಮೀನಿಲ್ಲದ ನೀರಿನ ತೊಟ್ಟಿಯೆಂದರೆ ಮಳೆಗಾಲದಲ್ಲಿ ಸೊಳ್ಳೆಗಳಿಗೆ ಆಹ್ವಾನವಿತ್ತಂತೆ. ಡೆಂಗ್ಯು ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಮೊದಲ ದಿನದಿಂದಲೇ ತೊಟ್ಟಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಬೇಕು; ವಾರಕ್ಕೊಮ್ಮೆ ಲಾರ್ವಗಳಿವೆಯೇ ಎಂದು ಮಕ್ಕಳೇ ಪರೀಕ್ಷಿಸಬೇಕು.

ಹಾಗಿದ್ದರೂ ಈ ಕೆಲಸಕ್ಕೆ ಜೂನ್ ತಿಂಗಳೇ ಪ್ರಶಸ್ತ. ಶಾಲೆ ತೆರೆದ ವಾರ ಆರಂಭಿಸಿದರೆ ಜುಲೈ ಕೊನೆಯ ವೇಳೆಗೆ ತೊಟ್ಟಿ ಸಿದ್ಧವಾಗುತ್ತದೆ. ನಡುವೆ ಜಿಲ್ಲಾಧಿಕಾರಿಯವರು ಮಳೆಯ ರಜೆ ಸಾರಿದರೂ ಹಸಿದಿರುವ ಜೀವವೊಂದು ಒಳಗೆ ಉಳಿಯಿತೆಂಬ ಚಿಂತೆ ಇಲ್ಲ. ವಿದ್ಯುತ್ತು ಕೈಕೊಡುವ ದಿನಗಳಿಗಾಗಿ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪೊಂದನ್ನು ಜೊತೆಗಿರಿಸಿಕೊಂಡರೆ ಒಳಿತು.

ಮೀನು ಬಿಡುವ ದಿನ ಮತ್ತು ಅನಂತರ

ಹದಗೊಂಡ ತೊಟ್ಟಿಯಲ್ಲಿ ನೈಟ್ರೇಟ್ ಸಾಕಷ್ಟು ಸೇರಿರುತ್ತದೆ. ಅರ್ಧಕ್ಕಿಂತ ಹೆಚ್ಚು ನೀರನ್ನು ತೆಗೆದು ಸಿದ್ಧಪಡಿಸಿದ ಹೊಸ ನೀರು ತುಂಬಿ, ಒಂದೆರಡು ದಿನಗಳ ಒಳಗೆ ಮೀನು ತರಬೇಕು. ಆಹಾರವಿಲ್ಲದೆ ಬ್ಯಾಕ್ಟೀರಿಯಗಳನ್ನು ಬಹುಕಾಲ ಇಟ್ಟರೆ ಅವು ಕ್ಷೀಣಿಸುತ್ತವೆ. ಮೊದಲಿಗೆ ಮೂರು ನಾಲ್ಕು ಗಂಡು ಗಪ್ಪಿಗಳು ಸಾಕು; ಎರಡು ವಾರಗಳ ಬಳಿಕ ಇನ್ನು ಮೂರು ನಾಲ್ಕನ್ನು ಸೇರಿಸಬಹುದು. ಅಂಗಡಿಯವರು ಗೋಲ್ಡ್‌ಫಿಶ್ ಮುಂದೊಡ್ಡುತ್ತಾರೆ. ಅದು ದೊಡ್ಡದಾಗಿ ಬೆಳೆಯುವ, ಹೆಚ್ಚು ತ್ಯಾಜ್ಯ ಬಿಡುವ ಮೀನು. ನಮ್ಮ ತೊಟ್ಟಿ ಅದಕ್ಕೆ ಸಾಲದು. ಹೊಳೆಯ ಮೀನುಗಳನ್ನು ಹಿಡಿದು ತರುವುದೂ ಬೇಡ. ‘ಮಿಸ್ ಕೇರಳ’ ಎಂದು ಹೆಸರಾದ, ಕೆಂಪು ಗೆರೆಯ ಸುಂದರ ಮೀನು ಪಶ್ಚಿಮಘಟ್ಟದ ನಮ್ಮ ಹೊಳೆಗಳದೇ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಹಾಗೆಯೇ ತೊಟ್ಟಿಯ ಮೀನು ಹೆಚ್ಚಾಯಿತೆಂದು ತೋಡಿಗೆ ಬಿಡಲೂಬಾರದು.

ಮೊದಲ ವಾರ ದಿನವೂ ಅಳೆಯಬೇಕು. ಅಮೋನಿಯ ಅಥವಾ ನೈಟ್ರೈಟ್ 0.5 ತೋರಿದರೆ ಆಹಾರ ನಿಲ್ಲಿಸಿ ಅರ್ಧದಷ್ಟು ನೀರು ಬದಲಿಸಬೇಕು. ಎಲ್ಲವೂ ನೆಟ್ಟಗಿದ್ದರೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಸ್ಪಂಜನ್ನು ತೊಳೆಯುವಾಗ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲನೆ ಹಿಂಡಬೇಕು. ನಳ್ಳಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ಉಜ್ಜಿದರೆ ಆರು ವಾರಗಳ ಸಂಪಾದನೆ ಒಂದೇ ನಿಮಿಷದಲ್ಲಿ ಕೊಚ್ಚಿಹೋಗುತ್ತದೆ. ಸ್ವಚ್ಛತೆಯ ಬಗ್ಗೆ ನಾವು ದಿನವೂ ಕಲಿಸುವ ಪಾಠಕ್ಕೆ ಇದು ವಿರೋಧವೆಂದು ಮಕ್ಕಳಿಗೆ ತೋರಬಹುದು. ಆ ಪ್ರಶ್ನೆಯನ್ನು ಅವರು ಕೇಳಿದರೆ ಪಾಠ ಫಲಿಸಿತೆಂದೇ ತಿಳಿಯೋಣ.

ಭಾಷೆಯ ಪಾಠವಾಗಿ

ಕನ್ನಡ ಅಧ್ಯಾಪಕರು ಇದನ್ನು ವಿಜ್ಞಾನದವರ ಕೆಲಸವೆಂದು ಬಿಟ್ಟುಬಿಡಬಾರದು. ನೈಟ್ರೈಟ್, ನೈಟ್ರೇಟ್ ಎಂಬ ಎರಡು ಪದಗಳನ್ನು ಕರಿಹಲಗೆಯ ಮೇಲೆ ಬರೆದು ನೋಡಿ. ಒಂದರಲ್ಲಿ ‘ರೈ’, ಇನ್ನೊಂದರಲ್ಲಿ ‘ರೇ’. ಐತ್ವಕ್ಕೂ ಏತ್ವಕ್ಕೂ ಇರುವ ವ್ಯತ್ಯಾಸ ಮಾತ್ರ. ಆದರೆ ಒಂದು ಮೀನನ್ನು ಕೊಲ್ಲುತ್ತದೆ, ಇನ್ನೊಂದರೊಡನೆ ಮೀನು ಬದುಕಬಲ್ಲದು. ದಾಖಲೆ ಪುಸ್ತಕದಲ್ಲಿ ಸ್ವರಚಿಹ್ನೆ ತಪ್ಪಿದರೆ ನಾಳೆ ಸರದಿಗೆ ಬರುವ ಮಗು ತಪ್ಪು ತೀರ್ಮಾನಕ್ಕೆ ಬರುತ್ತದೆ. ಶುದ್ಧ ಬರವಣಿಗೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ತರಗತಿಯಲ್ಲಿ ಕೊಡಲಾರೆ.

ಪರೀಕ್ಷಾ ಕಿಟ್ಟಿನ ಪೆಟ್ಟಿಗೆಯ ಮೇಲಿನ ಸೂಚನೆಗಳು ಇಂಗ್ಲಿಷಿನಲ್ಲಿರುತ್ತವೆ. ಅವನ್ನು ಓದಿ, ಮಾಡಿ ನೋಡಿ, ತಮ್ಮದೇ ಮಾತಿನಲ್ಲಿ ಕನ್ನಡದ ಸೂಚನಾಪತ್ರವೊಂದನ್ನು ಮಕ್ಕಳು ಸಿದ್ಧಪಡಿಸಲಿ: ಎಷ್ಟು ನೀರು, ಎಷ್ಟು ಹನಿ, ಎಷ್ಟು ನಿಮಿಷ, ಯಾವ ಬಣ್ಣಕ್ಕೆ ಯಾವ ಸಂಖ್ಯೆ. ನಮ್ಮ ತರಗತಿಗಳಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳು ಜೊತೆಗೆ ಕೂರುತ್ತಾರೆ. ಎಲ್ಲರಿಗೂ ತಿಳಿಯುವಂತೆ ಬರೆಯಬೇಕೆಂದಾಗ ವಾಕ್ಯಗಳು ತಾವಾಗಿಯೇ ಚಿಕ್ಕದಾಗುತ್ತವೆ, ನಿಖರವಾಗುತ್ತವೆ. ಹೊಸ ವಿಷಯವೊಂದನ್ನು ಹೇಳಲು ತಮ್ಮ ಕಲಿಕೆಯ ಭಾಷೆ ಸಾಕಾಗುತ್ತದೆಂಬ ನಂಬಿಕೆ ಗಡಿನಾಡಿನ ಮಗುವಿಗೆ ಭಾಷಣಗಳಿಂದ ಬರುವುದಿಲ್ಲ. ಹೀಗೆ ಬಳಸಿಯೇ ಬರಬೇಕು.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು ಸಾಕು. ತಿಳಿಯಾದ ನೀರಿನಲ್ಲಿ ಮೀನು ಸತ್ತದ್ದೇಕೆ? ಅಮೋನಿಯ ಸೊನ್ನೆಯಾದರೂ ನಾವು ಕಾದದ್ದೇಕೆ? ಸ್ಪಂಜನ್ನು ನಳ್ಳಿಯ ನೀರಿನಲ್ಲಿ ತೊಳೆಯಬಾರದೇಕೆ? ಮೂರಕ್ಕೂ ಗೋಡೆಯ ಗ್ರಾಫನ್ನು ತೋರಿಸಿ ಉತ್ತರಿಸಬಲ್ಲ ಮಗು ಸಾರಜನಕ ಚಕ್ರವನ್ನು ಅರಿತಿದೆ.

ಕೊನೆಯದಾಗಿ ಒಂದು ವಿನಂತಿ. ಇಷ್ಟೆಲ್ಲ ಮಾಡಿದ ಮೇಲೂ ಒಂದು ಮೀನು ಸಾಯಬಹುದು. ಆಗ ವಿಚಾರಣೆಯನ್ನು ‘ಯಾರು’ ಎಂಬಲ್ಲಿಂದ ತೊಡಗಬೇಡಿ. ದಾಖಲೆ ಪುಸ್ತಕವನ್ನು ತೆರೆಯಿರಿ, ನೀರನ್ನು ಅಳೆಯಿರಿ, ಹಿಂದಿನ ಮೂರು ದಿನಗಳ ಸಂಖ್ಯೆಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಕಾರಣ ಅಲ್ಲಿ ಸಿಗದಿದ್ದರೂ ಹುಡುಕುವ ರೀತಿಯನ್ನಾದರೂ ಅವರು ಕಲಿತಿರುತ್ತಾರೆ. ಈ ಜೂನ್ ತಿಂಗಳ ಪಾಠಯೋಜನೆಯಲ್ಲಿ ಮೊದಲ ಆರು ವಾರಗಳನ್ನು ಇದಕ್ಕಾಗಿ ಗುರುತಿಸಿಕೊಳ್ಳಿ. ಆಗಸ್ಟ್ ತಿಂಗಳ ಕ್ಲಸ್ಟರ್ ಸಭೆಗೆ ಬರುವಾಗ ನಿಮ್ಮ ತರಗತಿಯ ಗ್ರಾಫನ್ನು ತನ್ನಿ. ಬೇರೆ ಬೇರೆ ಊರುಗಳ ನೀರಿನ ಗೆರೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸೋಣ.